ಲಂಚ ಕೊಟ್ಟವನ ಊರು ಯಾವುದು?

ಮೊನ್ನೆ ಆಫೀಸಿನ ಹಳೇ ಮೇಲ್‌ಗಳನ್ನು ಅಳಿಸುತ್ತಾ ಕೂತಿದ್ದೆ. ಮೂರು ವರ್ಷದ ಹಿಂದಿನದೊಂದು ಕಣ್ಣಿಗೆ ಬಿತ್ತು. ಪೂರ್ವ ಆಫ್ರಿಕಾದ ಒಂದು ಸರ್ಕಾರಿ ಟೆಂಡರ್‌ಗೆ ನಾವು ಪೀಣ್ಯದಿಂದ ಪಂಪ್‌ಗಳಿಗೆ ರೇಟ್ ಹಾಕಿದ್ದೆವು. ಬೆಲೆ ತೆರೆದ ದಿನ ನಾವೇ ಎಲ್-ಒನ್, ಅಂದರೆ ಎಲ್ಲರಿಗಿಂತ ಕಡಿಮೆ ಬೆಲೆ ನಮ್ಮದೇ. ಆಫೀಸಲ್ಲಿ ಮೈಸೂರ್‌ಪಾಕ್ ಹಂಚಿದ್ದೂ ಆಯ್ತು. ಹನ್ನೊಂದು ದಿನ ಬಿಟ್ಟು ಎರಡೇ ಸಾಲಿನ ಮೇಲ್: ಮರುಪರೀಕ್ಷೆಯಲ್ಲಿ ನಿಮ್ಮ ಮಾಲು ಪಾಸಾಗಿಲ್ಲ. ಆರ್ಡರ್ ಎರಡನೇ ಸ್ಥಾನದಲ್ಲಿದ್ದ ಯುರೋಪಿನ ಕಂಪನಿಗೆ ಹೋಯ್ತು.

ಬೆಲೆ ತೆರೆಯುವ ಹಿಂದಿನ ರಾತ್ರಿ ಅಲ್ಲಿನ ಏಜೆಂಟ್ ಒಬ್ಬ ನನಗೆ ಫೋನ್ ಮಾಡಿದ್ದ. ‘ಹತ್ತು ಪರ್ಸೆಂಟ್ ನನ್ನ ಕೈಗಿಡಿ, ಮಿಕ್ಕಿದ್ದು ನಾನು ನೋಡಿಕೊಳ್ಳುತ್ತೇನೆ’ ಅಂದ. ನಮ್ಮ ಓನರ್ ಕೇಳಿ, ಇಂಥದ್ದೆಲ್ಲ ಬೇಡ ಅಂದರು. ಆರ್ಡರ್ ಕೈತಪ್ಪಿದ ಮೇಲೆ ಕೇಸ್ ಹಾಕಬಹುದಾ ಅಂತ ನಾನು ಕೇಳಿದ್ದಕ್ಕೆ, ‘ಆ ದೇಶದ ಕೋರ್ಟಲ್ಲಿ ಆ ಸರ್ಕಾರದ ಮೇಲೆ ಯಾರಪ್ಪಾ ಗೆಲ್ತಾರೆ, ಬಿಡು’ ಅಂದರು. ನನಗೂ ಹೌದು ಅನ್ನಿಸಿತ್ತು.

ಆಮೇಲೆ ಸುಮ್ನೆ ಓದುತ್ತಾ ಹೋದೆ. ನಾವು ಕೋರ್ಟನ್ನೇ ತಪ್ಪು ಊರಲ್ಲಿ ಹುಡುಕುತ್ತಿದ್ದೆವು ಅಂತ ಈಗ ಅನ್ನಿಸುತ್ತಿದೆ. ನೋಡಬೇಕಾದ್ದು ಲಂಚ ತಿಂದವನ ಊರನ್ನಲ್ಲ, ಕೊಟ್ಟವನ ಊರನ್ನು.

1981ರ ಕಥೆ ನೋಡಿ. ನೈಜೀರಿಯಾದ ವಾಯುಪಡೆಗೆ ಕಡುನಾ ನೆಲೆಯಲ್ಲಿ ಒಂದು ವೈದ್ಯಕೀಯ ಕೇಂದ್ರ ಕಟ್ಟಿಸಬೇಕಿತ್ತು. ಅಮೆರಿಕದ ಕಿರ್ಕ್‌ಪ್ಯಾಟ್ರಿಕ್ ಕಂಪನಿಗೆ ಗುತ್ತಿಗೆ ಸಿಕ್ಕಿತು. ಸೋತಿದ್ದು ಎನ್ವಿರಾನ್ಮೆಂಟಲ್ ಟೆಕ್ಟಾನಿಕ್ಸ್, ಅದೂ ಅಮೆರಿಕದ್ದೇ. ಗುತ್ತಿಗೆ ಮೊತ್ತದ 20% ‘ಕಮಿಷನ್’ ಪನಾಮಾದ ಎರಡು ಸಂಸ್ಥೆಗಳ ಮೂಲಕ ನೈಜೀರಿಯಾದ ಅಧಿಕಾರಿಗಳಿಗೆ ಹೋಗುವ ಏರ್ಪಾಡು ಆಗಿತ್ತು. ಸೋತವರು ಸುಮ್ಮನೆ ಕೂರಲಿಲ್ಲ. ನೈಜೀರಿಯಾದ ವಾಯುಪಡೆಗೂ ಲಾಗೋಸ್‌ನಲ್ಲಿದ್ದ ಅಮೆರಿಕದ ರಾಯಭಾರ ಕಚೇರಿಗೂ ದೂರು ಕೊಟ್ಟರು. ಎಫ್‌ಬಿಐ ತನಿಖೆ ಮಾಡಿತು, ಕಿರ್ಕ್‌ಪ್ಯಾಟ್ರಿಕ್ ಕಂಪನಿಯೂ ಅದರ ಮುಖ್ಯಸ್ಥನೂ ತಪ್ಪೊಪ್ಪಿಕೊಂಡರು.

ಅದಾದ ಮೇಲೆ ಸೋತ ಕಂಪನಿ ನಷ್ಟ ಕೇಳಿ ಅಮೆರಿಕದಲ್ಲೇ ಸಿವಿಲ್ ಕೇಸ್ ಹಾಕಿತು. ಕಿರ್ಕ್‌ಪ್ಯಾಟ್ರಿಕ್‌ನವರ ವಾದ ಚೆನ್ನಾಗಿತ್ತು: ಗುತ್ತಿಗೆ ಕೊಟ್ಟಿದ್ದು ಒಂದು ಸ್ವತಂತ್ರ ದೇಶದ ಸರ್ಕಾರ, ಅದರ ತೀರ್ಮಾನವನ್ನು ಅಮೆರಿಕದ ಕೋರ್ಟು ಕೆದಕುವ ಹಾಗಿಲ್ಲ. ಕೆಳಗಿನ ಕೋರ್ಟು ಇದನ್ನು ಒಪ್ಪಿ ಕೇಸನ್ನೇ ವಜಾ ಮಾಡಿತು. 1990ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಒಂದೇ ದನಿಯಲ್ಲಿ ಆ ವಾದವನ್ನು ತಳ್ಳಿಹಾಕಿತು. ತೀರ್ಪು ಬರೆದವರು ನ್ಯಾಯಮೂರ್ತಿ ಸ್ಕಾಲಿಯಾ. ನೈಜೀರಿಯಾ ಕೊಟ್ಟ ಗುತ್ತಿಗೆ ಸಿಂಧುವೋ ಅಲ್ಲವೋ ಅಂತ ಇಲ್ಲಿ ಯಾರೂ ಕೇಳುತ್ತಿಲ್ಲ, ಆ ಸರ್ಕಾರಕ್ಕೆ ಮುಜುಗರ ಆಗುತ್ತೆ ಅನ್ನೋ ಕಾರಣಕ್ಕೆ ಕೇಸ್ ಬಿಡೋಕೂ ಆಗಲ್ಲ, ಅನ್ನೋದು ಅದರ ಸಾರ. ನಮ್ಮ ಓನರ್‌ಗೆ ಅವತ್ತೇ ಹೇಳಬೇಕಿದ್ದ ಮಾತು ಇದು.

ಹಾಗಂತ ಎಲ್ಲಾ ಸಲೀಸು ಅಂದುಕೊಳ್ಳಬೇಡಿ. ವಿದೇಶಿ ಅಧಿಕಾರಿಗಳಿಗೆ ಲಂಚ ಕೊಡೋದನ್ನು ಅಪರಾಧ ಮಾಡಿದ 1977ರ ಅಮೆರಿಕದ ಕಾನೂನು ಇದೆಯಲ್ಲ, ಅದರಡಿ ಸೋತವರು ನೇರವಾಗಿ ದಾವೆ ಹೂಡುವಂತಿಲ್ಲ. ವೆನೆಜುವೆಲಾ ಅಧ್ಯಕ್ಷರ ಹೆಂಡತಿಯ ಧರ್ಮಸಂಸ್ಥೆಗೆ ಕೊಡಲು ಒಪ್ಪಿಕೊಂಡ ‘ದೇಣಿಗೆ’ ವಿಷಯವಾಗಿ ಕೆಂಟಕಿಯ ಹೊಗೆಸೊಪ್ಪು ಬೆಳೆಗಾರರು ಸಿಗರೇಟ್ ಕಂಪನಿಗಳ ಮೇಲೆ ಕೋರ್ಟಿಗೆ ಹೋಗಿ, 1990ರಲ್ಲಿ ಇದೇ ಕಾರಣಕ್ಕೆ ಸೋತರು. ದಂಡ ಹಾಕಿದರೂ ಅದು ಸರ್ಕಾರದ ಖಜಾನೆಗೆ. ಆರ್ಡರ್ ಕಳೆದುಕೊಂಡವನಿಗೆ ಮೂರು ಕಾಸಿಲ್ಲ!

ಹಾಗಾಗಿ ವಕೀಲರು ಬೇರೆ ಬಾಗಿಲು ತಟ್ಟುತ್ತಾರೆ. ಒಂದು ರಿಕೊ, ಸಂಘಟಿತ ಅಪರಾಧ ಹತ್ತಿಕ್ಕಲು 1970ರಲ್ಲಿ ತಂದ ಕಾನೂನು. ಗೆದ್ದರೆ ಆದ ನಷ್ಟದ ಮೂರು ಪಟ್ಟು. ಇನ್ನೊಂದು, ‘ನನಗೆ ಬರಲಿದ್ದ ವ್ಯಾಪಾರವನ್ನು ಬೇಕಂತಲೇ ಕೆಡಿಸಿದ’ ಅನ್ನೋ ಸಾದಾ ಸಿವಿಲ್ ದಾವೆ. ದಕ್ಷಿಣ ಕೊರಿಯಾದ ಸೇನೆಯ ರೇಡಾರ್ ಗುತ್ತಿಗೆ ಲಂಚದಿಂದ ಕೈತಪ್ಪಿತು ಅಂತ ಸೋತ ಕೆನಡಾ ಕಂಪನಿಯ ಏಜೆಂಟರು ಲಾಕ್‌ಹೀಡ್ ಮಾರ್ಟಿನ್ ಮೇಲೆ ಹೋದಾಗ, 2003ರಲ್ಲಿ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟು ಇಂಥ ದಾವೆ ನಡೆಯಬಹುದು ಅಂದಿತು. ಏಜೆಂಟರಿಗೆ ತಪ್ಪಿಹೋಗಿದ್ದು 3 ಕೋಟಿ ಡಾಲರ್‌ಗೂ ಜಾಸ್ತಿ ಕಮಿಷನ್!

ನನಗೆ ಹೊಟ್ಟೆಗೆ ನಾಟಿದ್ದು ಇನೋಸ್ಪೆಕ್ ಪ್ರಕರಣ. ಪೆಟ್ರೋಲ್‌ಗೆ ಬೆರೆಸುವ ಸೀಸದ ರಾಸಾಯನಿಕ ಮಾರುವ ಕಂಪನಿ ಅದು. ಇರಾಕ್‌ನಲ್ಲಿ ಪ್ರತಿಸ್ಪರ್ಧಿಯ ಸೀಸವಿಲ್ಲದ ಮಾಲಿನ ಪರೀಕ್ಷೆ ನಡೆಯುವಾಗ, ಅದು ಫೇಲ್ ಆಗೋ ಹಾಗೆ ನೋಡಿಕೊಳ್ಳಲು ಅಲ್ಲಿನ ಅಧಿಕಾರಿಗಳಿಗೆ ದುಡ್ಡು. ‘ನಿಮ್ಮ ಮಾಲು ಪಾಸಾಗಿಲ್ಲ.’ ಓದುವಾಗ ನಮ್ಮ ಮೇಲ್ ನೆನಪಾಗದೆ ಇರುತ್ತಾ? 2010ರಲ್ಲಿ ಇನೋಸ್ಪೆಕ್ ತಪ್ಪೊಪ್ಪಿಕೊಂಡಿತು. ಆ ಪ್ರತಿಸ್ಪರ್ಧಿ ನ್ಯೂಮಾರ್ಕೆಟ್ ಅದೇ ವರ್ಷ ಕೇಸ್ ಹಾಕಿ, ಮರುವರ್ಷ ಸುಮಾರು 4.5 ಕೋಟಿ ಡಾಲರ್‌ಗೆ ರಾಜಿ ಆಯ್ತು. ಸರ್ಕಾರ ಮೊದಲು ಹಿಡಿದು ತಪ್ಪೊಪ್ಪಿಗೆ ಪಡೆದರೆ ಅರ್ಧ ಕೆಲಸ ಆದಂತೆ.

ಪೀಣ್ಯದವರಿಗೆ ಇದರಲ್ಲಿ ಎಷ್ಟು ದಕ್ಕುತ್ತೆ ಅನ್ನೋದು ಬೇರೆ ಪ್ರಶ್ನೆ. 2016ರಿಂದ ರಿಕೊ ಅಡಿ ಖಾಸಗಿಯವರು ಪರಿಹಾರ ಕೇಳಬೇಕಾದರೆ ನಷ್ಟ ಅಮೆರಿಕದೊಳಗೇ ಆಗಿರಬೇಕು. ನಮಗೆ ಅದು ಬಹುಪಾಲು ಮುಚ್ಚಿದ ಬಾಗಿಲೇ. ಭ್ರಷ್ಟಾಚಾರದ ವಿರುದ್ಧದ ವಿಶ್ವಸಂಸ್ಥೆಯ ಒಪ್ಪಂದದ 35ನೇ ವಿಧಿ, ನಷ್ಟವಾದವರಿಗೆ ದಾವೆ ಹೂಡುವ ಹಕ್ಕು ಕೊಡಿ ಅಂತ ದೇಶಗಳಿಗೆ ಹೇಳುತ್ತದೆ. ಭಾರತ 2011ರಲ್ಲಿ ಅದನ್ನು ಒಪ್ಪಿಕೊಂಡಿದೆ. ಅದೇ ವರ್ಷ ವಿದೇಶಿ ಅಧಿಕಾರಿಗಳಿಗೆ ಲಂಚ ಕೊಡೋದನ್ನು ಅಪರಾಧ ಮಾಡುವ ಮಸೂದೆ ಲೋಕಸಭೆಗೆ ಬಂತು, ಪಾಸಾಗದೆ ಬಿದ್ದೂ ಹೋಯ್ತು. ಅಂದರೆ ನಮ್ಮನ್ನು ಸೋಲಿಸಿದವನು ಕೊಯಮತ್ತೂರಿನವನೋ ರಾಜಕೋಟ್‌ನವನೋ ಆಗಿದ್ದರೆ ಇನ್ನೂ ಕಷ್ಟವಿತ್ತು. ಯುರೋಪಿನವನಾಗಿದ್ದೇ ಒಂದು ರೀತಿ ಪುಣ್ಯ.

ಇನ್ನು, ‘ಎಲ್ಲರೂ ಕೊಡ್ತಾರೆ, ನಾವೂ ಕೊಟ್ಟುಬಿಡೋಣ’ ಅನ್ನುವವರಿಗೆ ಕೀನ್ಯಾದ ಕಥೆ ಇದೆ. ನೈರೋಬಿ, ಮೊಂಬಾಸಾ ವಿಮಾನ ನಿಲ್ದಾಣಗಳ ಡ್ಯೂಟಿ ಫ್ರೀ ಅಂಗಡಿಗಳಿಗಾಗಿ 1989ರಲ್ಲಿ ಒಬ್ಬ ವ್ಯಾಪಾರಿ ಆಗಿನ ಅಧ್ಯಕ್ಷ ಮೊಯ್‌ಗೆಂದು 20 ಲಕ್ಷ ಡಾಲರ್ ಕೊಟ್ಟ. ಭೇಟಿಗೆ ಹೋದಾಗ ಬ್ರೀಫ್‌ಕೇಸಿನಲ್ಲಿದ್ದದ್ದು ನೋಟು, ವಾಪಸ್ ಬಂದಾಗ ಅದರೊಳಗಿದ್ದದ್ದು ಮುಸುಕಿನ ಜೋಳ. ತಮಾಷೆಗೆ ಹೇಳ್ತಿಲ್ಲ, ಹಾಗಂತ ಅವನೇ ಹೇಳಿಕೆ ಕೊಟ್ಟಿದ್ದಾನೆ. ಮುಂದೆ ವ್ಯಾಪಾರ ಕಿತ್ತುಕೊಂಡರು ಅಂತ ಅಂತಾರಾಷ್ಟ್ರೀಯ ಮಧ್ಯಸ್ಥಿಕೆ ಪಂಚಾಯ್ತಿಗೆ ಹೋದರೆ, ಲಂಚದಿಂದ ಬಂದ ಒಪ್ಪಂದಕ್ಕೆ ರಕ್ಷಣೆ ಇಲ್ಲ ಅಂತ 2006ರಲ್ಲಿ ಕಳಿಸಿಬಿಟ್ಟರು.

ನಿನ್ನೆ ಇದನ್ನೆಲ್ಲ ಓನರ್‌ಗೆ ಹೇಳಿದೆ. ಟೆಂಡರ್ ಕಾಗದ, ಬೆಲೆ ತೆರೆದ ದಿನದ ಪಟ್ಟಿ, ಇಲ್ಲಿಂದ ಕಳಿಸಿದ ಟೆಸ್ಟ್ ರಿಪೋರ್ಟು, ಆ ಎರಡು ಸಾಲಿನ ಮೇಲು, ಎಲ್ಲಾ ಒಂದೇ ಫೋಲ್ಡರಿಗೆ ಹಾಕಿಟ್ಟಿದ್ದೆ. ಗೆದ್ದ ಕಂಪನಿ ಎಲ್ಲಿ ನೋಂದಣಿಯಾಗಿದೆ ಅಂತಲೂ ಹುಡುಕಿದ್ದೆ. ಕಾಲಮಿತಿ ಮುಗಿದಿದೆಯಾ ಅಂತ ಅಲ್ಲಿನ ಒಬ್ಬ ವಕೀಲರನ್ನು ಕೇಳೋಣ ಅಂದೆ. ಅವರು ಕನ್ನಡಕ ಹಾಕಿಕೊಂಡು ಒಂದೊಂದೇ ನೋಡಿದರು.

‘ಅವತ್ತು ರಾತ್ರಿ ಫೋನ್ ಮಾಡಿದ್ನಲ್ಲಪ್ಪಾ, ಅವನ ನಂಬರ್ ಎಲ್ಲಿ?’

ಹೋದ ವರ್ಷ ಹಳೇ ಫೋನ್ ಎಕ್ಸ್‌ಚೇಂಜಿಗೆ ಕೊಟ್ಟು ಹೊಸದು ತಗೊಂಡಿದ್ದೆ.