ಕಾರ್ಬನ್ ಉಳಿಯುತ್ತದೆ, ಬೆರೆಸಿದ ಬಣ್ಣ ಸೋಲುತ್ತದೆ

14 ಜೂನ್ 2025, ಶನಿವಾರ

ಕಿಟಕಿ ಗಾಜಿಗೆ ಅಂಟಿಸಿದ್ದ, ಇಂಕ್‌ಜೆಟ್ ಪ್ರಿಂಟರ್‌ನಲ್ಲಿ ಕಪ್ಪು-ಬಿಳುಪು ಚಿತ್ರಗಳಿಗೆ ಬಳಸುವ ಶಾಯಿಗಳ ಪರೀಕ್ಷಾ ಪಟ್ಟಿಗಳನ್ನು ಇವತ್ತು ಕಿತ್ತು ಅಳೆದದ್ದಾಯಿತು. ಪ್ರತಿ ಪಟ್ಟಿಯ ಅರ್ಧಕ್ಕೆ ಅಲ್ಯೂಮಿನಿಯಂ ಫಾಯಿಲ್ ಮುಚ್ಚಿತ್ತು, ಉಳಿದರ್ಧ ಬಿಸಿಲಿಗೆ. ಬರೀ ಕಾರ್ಬನ್ ಇರುವ ಪಟ್ಟಿಯಲ್ಲಿ ಎರಡರ ನಡುವಿನ ಗೆರೆಯನ್ನು ಹುಡುಕಬೇಕು. ಬಣ್ಣ ಬೆರೆಸಿದ ಪಟ್ಟಿಯಲ್ಲಿ ಅದು ಎದ್ದು ಕಾಣುತ್ತದೆ.

ಕಾರ್ಬನ್ ಬ್ಲ್ಯಾಕ್ ಎಂದರೆ ಮಸಿಯೇ. ಬೆಳಕಾಗಲಿ ಓಝೋನ್ ಆಗಲಿ ಅದನ್ನು ಸುಲಭಕ್ಕೆ ಒಡೆಯಲಾರವು. ತಾಳೆಗರಿಯಲ್ಲಿ ಕಂಟದಿಂದ (ಚೂಪಾದ ಲೋಹದ ಕಡ್ಡಿಯಿಂದ) ಕೊರೆದ ಅಕ್ಷರಗಳಿಗೆ ತಿಕ್ಕಿದ ಮಸಿ ಶತಮಾನಗಳ ಮೇಲೂ ಕಪ್ಪಾಗಿಯೇ ಇದೆ, ಹಾಳಾಗುವುದು ಗರಿ. ಆದರೆ ಇಂಕ್‌ಜೆಟ್‌ಗೆ ಬೇಕಾದಷ್ಟು ಸಣ್ಣಗೆ, ಸುಮಾರು 100 ನ್ಯಾನೊಮೀಟರ್‌ಗೆ ಅರೆದ ಕಾರ್ಬನ್ ತೆಳುವಾದಾಗ ಕಂದು ಛಾಯೆ ತೋರುತ್ತದೆ. ಅದನ್ನು ತಟಸ್ಥ ಬೂದು ಮಾಡಲು ಸಯಾನ್ (ಹಸಿರು ಬೆರೆತ ನೀಲಿ), ಮಜೆಂಟಾ (ನೇರಳೆಗೆಂಪು) ಪಿಗ್ಮೆಂಟ್, ಅಂದರೆ ಬಣ್ಣದ ಕಣಗಳನ್ನು ಸೇರಿಸುತ್ತಾರೆ. ಎಪ್ಸನ್ ಪ್ರಿಂಟರ್‌ಗಳ ‘ಅಡ್ವಾನ್ಸ್‌ಡ್ ಬ್ಲ್ಯಾಕ್ ಅಂಡ್ ವೈಟ್’ ಮೋಡ್ ಕೂಡ ಕಪ್ಪು, ಬೂದು ಶಾಯಿಗಳ ಜೊತೆ ಚೂರು ಬಣ್ಣ ಹಾಕುತ್ತದೆ. ಮಾಸುವುದು ಈ ಬಣ್ಣವೇ. ಸಯಾನ್‌ಗಿಂತ ಮಜೆಂಟಾ ಬೇಗ ಸೋತರೆ ಚಿತ್ರ ಹಸಿರಿಗೆ ವಾಲುತ್ತದೆ, ಎರಡೂ ಸೋತರೆ ಕಂದಿಗೆ ಮರಳುತ್ತದೆ. ದೀರ್ಘ ಬಾಳಿಕೆಯೇ ಮುಖ್ಯವಾದರೆ ಆ ಕಂದು ಛಾಯೆಯನ್ನು ಒಪ್ಪಿಕೊಳ್ಳಿ. ಭಾವಚಿತ್ರಗಳಿಗೆ, ಹಳೆಯ ಕಟ್ಟಡಗಳಿಗೆ ಅದು ಬಹಳ ಚೆನ್ನಾಗಿಯೂ ಒಪ್ಪುತ್ತದೆ.

‘ಇಷ್ಟು ವರ್ಷ ಬಾಳಿಕೆ’ ಎಂಬ ಮಾತು ನೋಡಿದರೆ ಎಷ್ಟು ಬೆಳಕಿಗೆ ಎಂದು ಮೊದಲು ಕೇಳಿ. ಪ್ರಿಂಟ್‌ಗಳ ಬಾಳಿಕೆ ಪರೀಕ್ಷಿಸುವ ವಿಲ್ಹೆಲ್ಮ್ ಸಂಸ್ಥೆಯ ಲೆಕ್ಕ ದಿನಕ್ಕೆ 12 ಗಂಟೆ 450 ಲಕ್ಸ್ (ಲಕ್ಸ್ ಎಂದರೆ ಬೀಳುವ ಬೆಳಕಿನ ಅಳತೆ). ವರ್ಷಕ್ಕೆ ಸುಮಾರು 20 ಲಕ್ಷ ಲಕ್ಸ್-ಗಂಟೆ. ನಡುಹಗಲಿನ ನೇರ ಬಿಸಿಲು ಸುಮಾರು 1 ಲಕ್ಷ ಲಕ್ಸ್. ಅಂದರೆ 20 ಗಂಟೆಯ ಅಂಥ ಬಿಸಿಲು ಗೋಡೆಯ ಮೇಲಿನ ಒಂದು ವರ್ಷಕ್ಕೆ ಸಮ, ಗಾಜು ತಡೆಯುವುದನ್ನು ಬಿಟ್ಟು.

ಶಾಯಿಗಿಂತ ಮೊದಲು ಕಾಗದ ಕೈಕೊಡುವುದೂ ಉಂಟು. ಬೆಳ್ಳಗೆ ಹೊಳೆಯುವ ಕಾಗದದಲ್ಲಿ ಆಪ್ಟಿಕಲ್ ಬ್ರೈಟ್‌ನರ್ ಇರುತ್ತದೆ. ಅದು ಅತಿನೇರಳೆ ಕಿರಣ ಹೀರಿ ನೀಲಿಯಾಗಿ ಬೆಳಗುತ್ತದೆ, ಸವೆದ ಮೇಲೆ ಕಾಗದ ಹಳದಿಯಾಗಿ ಕಾಣುತ್ತದೆ. ನೋಟು ಪರೀಕ್ಷಿಸುವ ಯುವಿ ಟಾರ್ಚನ್ನು ಕತ್ತಲಲ್ಲಿ ಹಿಡಿಯಿರಿ: ನೀಲಿಯಾಗಿ ಹೊಳೆದರೆ ಆ ಕಾಗದ ಬೇಡ. ಬ್ರೈಟ್‌ನರ್ ಇಲ್ಲದ, ಆಮ್ಲವಿಲ್ಲದ ಹತ್ತಿ ಮ್ಯಾಟ್ ಕಾಗದವೇ ಸರಿ.

ಮ್ಯಾಟ್ ಬ್ಲ್ಯಾಕ್, ಅಂದರೆ ಮ್ಯಾಟ್ ಕಾಗದದ ಕಪ್ಪು ಶಾಯಿಯನ್ನೇ ತೆಳುಮಾಡಿ ಬೂದು ಶಾಯಿಗಳನ್ನು ತಯಾರಿಸಬಹುದು. ಆರು ಕಾರ್ಟ್ರಿಜ್‌ಗೆ 100, 30, 18, 9, 6, 2 ಶೇಕಡಾ ಸರಣಿ ಕೆಲಸ ಮಾಡುತ್ತದೆ. 30ರದ್ದಕ್ಕೆ 30 ಮಿಲಿ ಶಾಯಿ, 70 ಮಿಲಿ ಬೇಸ್. ಬೇಸ್ ಎಂದರೆ ಡಿಸ್ಟಿಲ್ಡ್ ವಾಟರ್, ಗ್ಲಿಸರಿನ್, ಸ್ವಲ್ಪ ವೆಟಿಂಗ್ ಏಜೆಂಟ್ (ದ್ರವ ಸರಾಗವಾಗಿ ಹರಡಲು). ಬೋರ್‌ವೆಲ್ ನೀರು ಖಂಡಿತ ಬೇಡ: ಅದರ ಕ್ಯಾಲ್ಸಿಯಂ ಕಾರ್ಬನ್ ಕಣಗಳನ್ನು ಒಂದಕ್ಕೊಂದು ಅಂಟಿಸುತ್ತದೆ, ನಾಝಲ್ (ಶಾಯಿ ಚಿಮ್ಮುವ ಸಣ್ಣ ರಂಧ್ರ) ಕಟ್ಟಿಕೊಳ್ಳುತ್ತದೆ. ಬರೀ ನೀರು ಹಾಕಿದರೆ ಶಾಯಿ ಪ್ರಿಂಟ್ ಹೆಡ್‌ನಲ್ಲೇ ಒಣಗುತ್ತದೆ.

ಕಾರ್ಬನ್ ನೀರಿಗಿಂತ ಭಾರ, ತಳಕ್ಕಿಳಿಯುತ್ತದೆ. ಹಾಗಾದಾಗ ಒಂದೇ ಫೈಲ್‌ನ ನಡುಬೂದು ಈ ವಾರ ಒಂದು ಥರ, ಮುಂದಿನ ವಾರ ಇನ್ನೊಂದು ಥರ ಬರುತ್ತದೆ. ವಾರಕ್ಕೊಮ್ಮೆ ಕಾರ್ಟ್ರಿಜ್ ತೆಗೆದು ನಿಧಾನವಾಗಿ ಓರೆಯಾಗಿಸಿ ತಿರುಗಿಸಿ. ಜೋರಾಗಿ ಕುಲುಕಿದರೆ ಗುಳ್ಳೆ ಸೇರಿ ನಾಝಲ್ ಖಾಲಿ ಹೊಡೆಯುತ್ತದೆ. ಪ್ರಿಂಟ್‌ಗೆ ಮುಂಚೆ ನಾಝಲ್ ಚೆಕ್ (ಪರೀಕ್ಷಾ ಗೆರೆಗಳ ಪ್ರಿಂಟ್), ಗೆರೆ ತಪ್ಪಿದ್ದರೆ ಒಂದೇ ಕ್ಲೀನಿಂಗ್. ಮತ್ತೂ ತಪ್ಪಿದರೆ ರಾತ್ರಿ ಹಾಗೇ ಬಿಟ್ಟು ಬೆಳಿಗ್ಗೆ ನೋಡಿ. ಮತ್ತೆ ಮತ್ತೆ ಕ್ಲೀನ್ ಮಾಡಿದರೆ ಚೆಲ್ಲಿದ ಶಾಯಿ ಹೀರುವ ವೇಸ್ಟ್ ಪ್ಯಾಡ್ ತುಂಬುವುದಷ್ಟೇ.

ಮಾಮೂಲಿ ಡ್ರೈವರ್‌ಗೆ ಈ ಶಾಯಿಗಳ ಅಂದಾಜಿಲ್ಲ. ಕಪ್ಪು-ಬಿಳುಪು ಪ್ರಿಂಟ್‌ನ ಕ್ವಾಡ್‌ಟೋನ್‌ರಿಪ್ ಸಾಫ್ಟ್‌ವೇರ್‌ನಲ್ಲಿ ಇಂಕ್ ಲಿಮಿಟ್ (ಕಾಗದಕ್ಕೆ ಬೀಳುವ ಶಾಯಿಯ ಮಿತಿ) ಹೊಂದಿಸಿ, 21 ಮೆಟ್ಟಿಲಿನ ಪಟ್ಟಿ ಪ್ರಿಂಟ್ ಮಾಡಿ, ಒಣಗಿದ ಮೇಲೆ ಅಳೆದು ಲೀನಿಯರೈಸ್ ಮಾಡಿ, ಅಂದರೆ ಮೆಟ್ಟಿಲುಗಳ ಅಂತರ ಸಮವಾಗುವಂತೆ ಸರಿಪಡಿಸಿ. ಇಂಕ್ ಹೆಚ್ಚು ಸುರಿದರೆ ಕಪ್ಪು ಗಾಢವಾಗುವುದಿಲ್ಲ, ನೆರಳಿನ ವಿವರ ಮುಚ್ಚಿಹೋಗುತ್ತದೆ.

ಬೆಳಕಿಗೆ ಜಗ್ಗದ ಈ ಕಪ್ಪಿಗೆ ಉಗುರು ತಾಗಿದರೆ ಗೀರು ಬೀಳುತ್ತದೆ. ಪ್ರಿಂಟ್‌ಗಳ ಮಧ್ಯೆ ಆಮ್ಲರಹಿತ ತೆಳು ಹಾಳೆ ಇಡಿ. ಚೌಕಟ್ಟು ಹಾಕುವ ಮೊದಲು ಕನಿಷ್ಠ ಒಂದು ದಿನ, ಮಳೆಗಾಲದಲ್ಲಿ ಇನ್ನೂ ಹೆಚ್ಚು ಆರಲು ಬಿಡಿ. ಇಲ್ಲವಾದರೆ ಉಳಿದ ದ್ರಾವಕ ಗಾಜಿನ ಒಳಮೈಗೆ ಮಂಜಿನಂತೆ ಕೂರುತ್ತದೆ. ಗಾಜಿಗೂ ಪ್ರಿಂಟ್‌ಗೂ ಮಧ್ಯೆ ಮೌಂಟ್ (ಚಿತ್ರದ ಸುತ್ತಲಿನ ದಪ್ಪ ರಟ್ಟು) ಇರಲೇಬೇಕು.