ಎರಡನೇ ದನಿ ಯಾರದು?

ನಮ್ಮ ದೊಡ್ಡಪ್ಪನಿಗೆ ಲತಾ ಮಂಗೇಶ್ಕರ್ ಅಭಿಮಾನಿಗಳ ಮೇಲೆ ಸಣ್ಣ ಸಿಟ್ಟಿದೆ. ಲತಾ ಮೇಲಲ್ಲ, ಅಭಿಮಾನಿಗಳ ಮೇಲೆ. ಹೋದ ಶ್ರಾವಣದಲ್ಲಿ ಬಾಗಲಕೋಟೆಗೆ ಹೋದಾಗ ಅದು ಮತ್ತೆ ಹೊರಬಿತ್ತು. ಊಟ ಮುಗಿಸಿ ಕೂತಿದ್ದೆವು. ನನ್ನ ತಮ್ಮ ಮೊಬೈಲಿನಲ್ಲಿ ‘ಗೋರೆ ಗೋರೆ ಓ ಬಾಂಕೆ ಛೋರೆ’ ಹಾಕಿದ.

“ಯಾರ್ ಹಾಡ್ಯಾರ?” ಅಂದರು ದೊಡ್ಡಪ್ಪ.

“ಲತಾ.”

“ಮತ್ತ ಇನ್ನೊಬ್ಬಾಕಿ?”

ನನಗೆ ಉತ್ತರ ಗೊತ್ತಿತ್ತು. ಸುಮ್ನೆ ಕೂತೆ, ಮಜಾ ನೋಡೋಣ ಅಂತ.

“ನಮ್ಮ ಬೀಳಗಿಯಾಕಿ ಅಪ್ಪಾ, ಅಮೀರಬಾಯಿ!” ಅಂದವರೇ ಒಳಗಿನಿಂದ ಗ್ರಾಮಫೋನ್ ತಂದರು. ಕೀಲಿ ತಿರುಗಿಸಿದರು. ಡಬ್ಬಿಯಿಂದ ಹೊಸ ಮುಳ್ಳು ತೆಗೆದು ಸಿಕ್ಕಿಸಿದರು. ಹಳೇ ಮುಳ್ಳು ಹಾಡಿನ ತಟ್ಟೆಯನ್ನು ಕೆರೆಯುತ್ತದೆ, ಆ ವಿಷಯದಲ್ಲಿ ಅವರು ಬಲು ಬಿಗಿ. ತಟ್ಟೆ 1943ರ ‘ಕಿಸ್ಮತ್’ ಚಿತ್ರದ್ದು, ‘ಧೀರೆ ಧೀರೆ ಆ ರೇ ಬಾದಲ್’.

ಮೊದಲು ಬರೀ ಸರಸರ ಸದ್ದು. ಆಮೇಲೆ ಆ ದನಿ. ತುಸು ದಪ್ಪ, ತುಸು ಮೂಗಿನದು. ಒಂದೊಂದು ಮಾತನ್ನೂ ಹಿಡಿದು, ಅವಸರವಿಲ್ಲದೆ ಬಿಡುತ್ತದೆ. ಜೋರು ಮಾಡುವುದೇ ಇಲ್ಲ, ಮೋಡಕ್ಕೆ ಮೆಲ್ಲಗೆ ಬಾ ಅನ್ನುವ ಹಾಡಲ್ವಾ! ಕೊನೆಗೆ ಕೀಲಿ ಸಾಲದೆ ದನಿ ಕೆಳಗಿಳಿಯತೊಡಗಿತು. ದೊಡ್ಡಪ್ಪ ಇನ್ನೆರಡು ಸುತ್ತು ಕೊಟ್ಟರು. ತಮ್ಮ ಮೊಬೈಲ್ ಜೇಬಿಗೆ ಹಾಕಿಕೊಂಡಿದ್ದ.

‘ಕಿಸ್ಮತ್’ ಕಲಕತ್ತೆಯ ರಾಕ್ಸಿ ಟಾಕೀಸಿನಲ್ಲಿ ಮೂರು ವರ್ಷಕ್ಕೂ ಜಾಸ್ತಿ ಓಡಿತು. ಬ್ರಿಟಿಷರು ಇನ್ನೂ ಇದ್ದಾಗಲೇ ಜನರ ಬಾಯಲ್ಲಿದ್ದ ‘ದೂರ್ ಹಟೋ ಏ ದುನಿಯಾವಾಲೋ’ ಕೂಡ ಅದರದ್ದೇ. ಪ್ರದೀಪ್ ಬರೆದದ್ದು, ಅಮೀರಬಾಯಿ ಮತ್ತು ಖಾನ್ ಮಸ್ತಾನಾ ಹಾಡಿದ್ದು. ಸಂಗೀತ ಅನಿಲ್ ಬಿಸ್ವಾಸ್ ಅವರದು. ಮರುವರ್ಷ ‘ರತನ್’ ಚಿತ್ರದಲ್ಲಿ ಸಂಗೀತ ನಿರ್ದೇಶಕ ನೌಶಾದ್ ಅವರಿಂದ ಹಾಡಿಸಿದರು. ಆಗಿನ ಬಿಜಾಪುರ ಜಿಲ್ಲೆಯ ಬೀಳಗಿಯಿಂದ ಹೋದ ಅಮೀರಬಾಯಿ ನಟಿಸುತ್ತ, ಹಾಡುತ್ತ, ಹೆಸರಿನ ಜೊತೆ ‘ಕರ್ನಾಟಕಿ’ ಅಂತ ಇಟ್ಟುಕೊಂಡೇ ಮುಂಬಯಿಯಲ್ಲಿ ನಿಂತರು. ಅಕ್ಕ ಗೌಹರ್ ಬಾಲಗಂಧರ್ವರ ಜೊತೆ ಮರಾಠಿ ರಂಗಭೂಮಿಯಲ್ಲಿದ್ದರು. ಅದು ಇನ್ನೊಂದು ದೊಡ್ಡ ಕಥೆ.

1949ರ ಸುಮಾರಿಗೆ ಗಾಳಿ ಬದಲಾಯಿತು. ಎಲ್ಲರಿಗೂ ಲತಾ ಅವರ ತೆಳು ದನಿಯೇ ಬೇಕಾಯಿತು. ಮರುವರ್ಷದ ‘ಸಮಾಧಿ’ ಚಿತ್ರದ ‘ಗೋರೆ ಗೋರೆ’ಯಲ್ಲಿ ಸಂಗೀತ ನಿರ್ದೇಶಕ ಸಿ. ರಾಮಚಂದ್ರ ಇಬ್ಬರನ್ನೂ ಒಟ್ಟಿಗೆ ಹಾಡಿಸಿದರು. ಇದನ್ನು ಕೇಳಿ ‘ಅಯ್ಯೋ ಪಾಪ’ ಅನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಆ ಹಾಡಿನಲ್ಲಿ ಅಮೀರಬಾಯಿ ಸೋತವರ ಹಾಗೆ ಹಾಡಿಲ್ಲ, ತುಂಟತನದಲ್ಲಿ ಒಂದು ಕೈ ಮೇಲೆಯೇ. ಆಮೇಲೆ ಹಾಡು ಕಡಿಮೆಯಾಯಿತು, ಸಣ್ಣಪುಟ್ಟ ಪಾತ್ರ ಮಾಡಿಕೊಂಡಿದ್ದರು. 1965ರಲ್ಲಿ ತೀರಿಕೊಂಡರು.

“1948ರಾಗ ‘ಶಹನಾಜ್’ ಪಿಚ್ಚರಿಗೆ ಸಂಗೀತಾನೂ ಆಕೀನ ಕೊಟ್ಟಾಳ, ಗೊತ್ತೇನು?” ಅಂದರು ದೊಡ್ಡಪ್ಪ, ತಟ್ಟೆಯನ್ನು ಲಕೋಟೆಗೆ ಸೇರಿಸುತ್ತ. ಆ ತಟ್ಟೆ ಮಾತ್ರ ಅವರ ಬಳಿ ಇಲ್ಲ. ಹುಬ್ಬಳ್ಳಿಯ ಗುಜರಿ ಅಂಗಡಿಯವನೊಬ್ಬನಿಗೆ ಹೇಳಿಟ್ಟಿದ್ದಾರಂತೆ. ಅವನು ಫೋನ್ ಮಾಡಿದಾಗಲೆಲ್ಲ ಬೇರೆ ಯಾವುದೋ ತಟ್ಟೆ ತಗುಲಿಸುತ್ತಾನೆ.