ಬೋರ್ಡ್ ಮೇಲಿದ್ದ ಬೀದಿ

ಬಿಎ ಎರಡನೇ ವರ್ಷದಲ್ಲಿ ಹಿಸ್ಟರಿ ತಗೊಳ್ತಿದ್ದ ನಮ್ ಮೇಡಂ ಮೊದಲ ದಿನ ಕೇಳಿದ ಪ್ರಶ್ನೆ ಇನ್ನೂ ಕಿವೀಲಿದೆ, "ಮನೇಲಿ ಗಡಿಯಾರ ಇಲ್ದೇ ಇರೋ ಕೂಲಿಯವ್ನು ಬೆಳಗಿನ ಜಾವ ಮಿಲ್ ಗೇಟಿಗೆ ಟೈಮಿಗೆ ಸರಿಯಾಗಿ ಹೇಗ್ ಬರ್ತಿದ್ದ?" ಅಂತ. ನಾವೆಲ್ಲ ರಾಜರ ಇಸವಿ ಉರು ಹೊಡ್ಕೊಂಡು ಬಂದೋರು, ಯಾರೂ ಬಾಯಿ ಬಿಡ್ಲಿಲ್ಲ. ಇಂಗ್ಲೆಂಡಿನ ಮಿಲ್ ಊರುಗಳಲ್ಲಿ ಜನರನ್ನ ಎಬ್ಬಿಸೋದೇ ಒಂದು ಕೆಲ್ಸ ಆಗಿತ್ತಂತೆ, ಉದ್ದ ಕೋಲು ಹಿಡ್ಕೊಂಡು ಬೀದಿ ಬೀದಿ ಸುತ್ತಿ ಮಹಡಿ ಕಿಟಕಿ ತಟ್ಟೋರು, ಅದಕ್ಕೆ ಚಿಲ್ಲರೆ ಕಾಸು ಸಿಗೋದು.

ಲಂಡನ್ ಜನಸಂಖ್ಯೆ 1801ರಲ್ಲಿ ಸುಮಾರು 10 ಲಕ್ಷ ಇದ್ದಿದ್ದು 1901ಕ್ಕೆ 60 ಲಕ್ಷ ದಾಟಿತ್ತು. ಪುಸ್ತಕದಲ್ಲಿ ಅದು ಒಂದೇ ಸಾಲು. ಮೇಡಂ ಆ ಸಾಲಿನ ಹತ್ರಾನೇ ನಿಂತ್ಬಿಟ್ರು, ಇಷ್ಟು ಜನ ಎಲ್ಲಿ ಮಲಗಿದ್ರು, ಯಾವ ನೀರು ಕುಡಿದ್ರು, ಅವರ ಕಕ್ಕಸಿನ ನೀರು ಎಲ್ಲಿಗೆ ಹೋಯ್ತು ಅಂತ ಕೇಳ್ತಾ ಕೇಳ್ತಾ 1854ರ ಬ್ರಾಡ್ ಸ್ಟ್ರೀಟ್‌ಗೆ ಕರ್ಕೊಂಡ್ ಹೋದ್ರು. ಬೋರ್ಡ್ ತುಂಬ ಬೀದಿಗಳನ್ನ ಬರೆದು, ಕಾಲರಾದಲ್ಲಿ ಸಾವಾದ ಮನೆ ಮುಂದೆಲ್ಲ ಸೀಮೆಸುಣ್ಣದಲ್ಲಿ ಗೀಟು ಎಳೀತಾ ಹೋದ್ರು, ಕಾಲರಾ ನೀರಿಂದ ಹರಡುತ್ತೆ ಅಂತ ಆಗ ತೋರಿಸಿಕೊಟ್ಟ ಡಾಕ್ಟರ್ ಜಾನ್ ಸ್ನೋ ಮ್ಯಾಪ್ ಹಾಗೇ. ಗೀಟೆಲ್ಲ ಒಂದು ನೀರಿನ ಪಂಪಿನ ಸುತ್ತ ಒತ್ತಾಗ್ತಾ ಬಂತು. ಪಕ್ಕದಲ್ಲೇ ಇದ್ದ ಬ್ರೂವರಿ ಕೆಲಸಗಾರರಲ್ಲಿ ಮಾತ್ರ ಒಬ್ರೂ ಸತ್ತಿಲ್ಲ, ಅವರು ಕುಡೀತಿದ್ದಿದ್ದು ಬಿಯರ್ರು.

ನನ್ನನ್ನ ಇವತ್ತಿಗೂ ಬಿಡದೇ ಇರೋಳು ಆ ಹೆಂಗಸು. ಬ್ರಾಡ್ ಸ್ಟ್ರೀಟ್ ಕಡೆಯಿಂದ ದೂರದ ಹ್ಯಾಂಪ್‌ಸ್ಟೆಡ್‌ಗೆ ಮನೆ ಬದಲಾಯಿಸಿದ್ಲು, ಆದ್ರೆ ಹಳೇ ಪಂಪಿನ ನೀರಿನ ರುಚಿ ಬಿಡಕ್ಕಾಗ್ಲಿಲ್ಲ, ದಿನಾ ಗಾಡೀಲಿ ಒಂದು ದೊಡ್ಡ ಬಾಟ್ಲಿ ತರಿಸ್ಕೋತಿದ್ಲು. ಅದನ್ನ ಕುಡಿದೇ ಸತ್ಲು, ನೋಡಕ್ಕೆ ಅಂತ ಬಂದಿದ್ದ ನೆಂಟರ ಮಗಳೂ ಅದೇ ನೀರು ಕುಡಿದು ಸತ್ಲು. ಇದನ್ನ ಹೇಳುವಾಗ ಮೇಡಂ ಧ್ವನಿ ತಗ್ಗಿತ್ತು. ಸೆಪ್ಟೆಂಬರ್ 8ಕ್ಕೆ ಪಂಪಿನ ಹ್ಯಾಂಡಲ್ ಬಿಚ್ಚಿದ್ರು, ಅಷ್ಟೊತ್ತಿಗೆ ಕಾಯಿಲೆ ಆಗ್ಲೇ ಇಳೀತಾ ಇತ್ತು ಅನ್ನೋದನ್ನೂ ಅವ್ರು ಬಚ್ಚಿಡ್ಲಿಲ್ಲ, ಕಥೆ ಚೆನ್ನಾಗಿರ್ಲಿ ಅಂತ ಸುಳ್ಳು ಸೇರಿಸೋ ಜಾತಿಯವರಲ್ಲ. ದೊಡ್ಡ ಚರಂಡಿಗಳ ಕೆಲಸ ಶುರುವಾಗಿದ್ದು 1858ರ ಬೇಸಿಗೇಲಿ ಥೇಮ್ಸ್ ನದಿ ನಾತ ಪಾರ್ಲಿಮೆಂಟಿನೊಳಗೇ ನುಗ್ಗಿದ ಮೇಲೆ.

ಬೆಲ್ ಆಯ್ತು, ಮುಂದಿನ ಪೀರಿಯಡ್ ಎಕನಾಮಿಕ್ಸ್. ಸರ್ ಬಂದು ಡಸ್ಟರ್ ಎತ್ಕೊಂಡ್ರು, ಬೋರ್ಡ್ ನೋಡಿದ್ರು, ಒಂದು ನಿಮಿಷ ಹಾಗೇ ನಿಂತು ಆಮೇಲೆ ಮೂಲೇಲಿ ಉಳಿದಿದ್ದ ಗೇಣು ಜಾಗದಲ್ಲೇ ಬರ್ಕೊಂಡು ಪಾಠ ಮಾಡಿದ್ರು.